ಮೊದಲ ಲಾಂಗ್ ರೇಂಜ್ ಮ್ಯಾಚ್‌ಗೆ ಆರು ವಾರ ಇದೆ, ಸ್ಕೋಪ್ ಬದಲಾಯಿಸ್ಲಾ ಬೇಡ್ವಾ?

ಹೊಸಬ308:
ಎಲ್ರಿಗೂ ನಮಸ್ಕಾರ. ವರ್ಷದಿಂದ ಇಲ್ಲಿ ಬರೋದನ್ನ ಸುಮ್ನೆ ಓದ್ಕೊಂಡು ಹೋಗ್ತಿದ್ದೆ, ಇವತ್ತು ಬಾಯಿ ಬಿಡ್ತಿದೀನಿ. ಇನ್ನು ಆರು ವಾರಕ್ಕೆ ನನ್ನ ಮೊದಲ ಲಾಂಗ್ ರೇಂಜ್ ಮ್ಯಾಚ್. ಎಫ್-ಟಿಆರ್ ಕ್ಲಾಸ್ (ಮಲಗಿ, ಸ್ಕೋಪ್ ಮತ್ತೆ ಎರಡು ಕಾಲಿನ ಬೈಪಾಡ್ ಇಟ್ಟು ಹೊಡೆಯೋ ವರ್ಗ), 800, 900, 1000 ಗಜ, ಒಂದೇ ದಿನ ಮೂರೂ, ಒಂದೊಂದಕ್ಕೆ ಎರಡು ಸೈಟರ್ (ಲೆಕ್ಕಕ್ಕಿಲ್ಲದ ಪರೀಕ್ಷೆ ಗುಂಡು) ಆಮೇಲೆ ಲೆಕ್ಕಕ್ಕೆ 15 ಗುಂಡು. ರೈಫಲ್ .308, 175 ಗ್ರೇನ್ ಬುಲೆಟ್, ಬೈಪಾಡ್. 300 ಗಜದಲ್ಲಿ ಒಳ್ಳೆ ದಿನ ಅರ್ಧ ಮಿನಿಟ್ (ಕೋನದ ಮಿನಿಟ್, ಡಿಗ್ರಿಯ ಅರವತ್ತನೇ ಪಾಲು) ಗ್ರೂಪ್ ಬರುತ್ತೆ, 600ಕ್ಕೆ ಎರಡೇ ಸಲ ಹೊಡೆದಿದೀನಿ, ಅದರ ಮೇಲೆ ಯಾವತ್ತೂ ಇಲ್ಲ. ಈಗ ಪ್ರಶ್ನೆ ಏನಂದ್ರೆ ನನ್ನ ಸ್ಕೋಪ್ ಸ್ವಲ್ಪ ಹಳೇದು, ಝೂಮ್ ಸಾಲ್ದು ಅನ್ಸುತ್ತೆ, ಟ್ರಿಗರ್ ಕೂಡ ಬದಲಾಯಿಸ್ಬೇಕು ಅಂತಿದೀನಿ, ಇನ್ನೊಂದು ಅಗಲ ಕಾಲಿನ ಬೈಪಾಡ್ ನೋಡಿಟ್ಟಿದೀನಿ. ಮೂರರಲ್ಲಿ ಯಾವುದು ಮೊದಲು ತಗೊಳ್ಲಿ?

ಹಳೇಕುದುರೆ:
ಯಾವುದೂ ತಗೋಬೇಡ.

ಹಳೇಕುದುರೆ:
ಅದನ್ನ ಕಳಿಸಿದ ಮೇಲೆ ನಂಗೇ ಒರಟಾಯ್ತು ಅನ್ನಿಸ್ತು, ಸ್ವಲ್ಪ ಬಿಡಿಸಿ ಹೇಳ್ತೀನಿ. ಆರು ವಾರ ಅಂದ್ರೆ ಕೈಗೆ ಹೊಸ ಟ್ರಿಗರ್ ರೂಢಿ ಆಗೋಕೇ ಸಾಲಲ್ಲ. ನಮ್ಮ ಕಡೆ ಹಳಬರು ಟ್ರಿಗರ್‌ಗೆ ಕುದುರೆ ಅಂತಾನೇ ಅನ್ನೋದು, ಯಾಕೆ ಅಂತ ಕೇಳಿದ್ರೆ ಹೊಸ ಕುದುರೆ ಹತ್ತಿದ ದಿನವೇ ರೇಸಿಗೆ ಹೋಗ್ತೀಯಾ ಅಂತ ನಮ್ಮ ಗುರುಗಳು ತಿರುಗಿ ಕೇಳಿದ್ರು. ಇವತ್ತು ರೈಫಲ್ ಹೇಗಿದೆಯೋ ಹಾಗೇ ಬೀಗ ಹಾಕ್ದಂಗೆ ಬಿಟ್ಬಿಡು. ಮಾಡೋದು ಇಷ್ಟೇ: ಸ್ಕೋಪ್ ರಿಂಗ್ ಸ್ಕ್ರೂ, ಆಕ್ಷನ್ ಸ್ಕ್ರೂ ಎಲ್ಲಾ ಟಾರ್ಕ್ ವ್ರೆಂಚ್ ಇಟ್ಟು ಒಂದ್ಸಲ ನೋಡು, ಆಮೇಲೆ ಪ್ರತಿ ಸ್ಕ್ರೂ ತಲೆ ಮೇಲಿಂದ ಪಕ್ಕಕ್ಕೆ ಒಂದು ಗೆರೆ ಬಣ್ಣ ಎಳಿ. ಗೆರೆ ಮುರಿದಿದ್ರೆ ಸ್ಕ್ರೂ ತಿರುಗಿದೆ ಅಂತ, ಬೆಳಿಗ್ಗೆ ಐದು ಸೆಕೆಂಡಲ್ಲಿ ಗೊತ್ತಾಗುತ್ತೆ. ಆಮೇಲೆ ತೂಕ ಹಾಕು. ಎಫ್-ಟಿಆರ್‌ಗೆ ಬೈಪಾಡ್ ಸ್ಕೋಪ್ ಎಲ್ಲಾ ಸೇರಿ 8.25 ಕಿಲೋ ಮೀರಬಾರ್ದು. ಅಗಲ ಬೈಪಾಡ್ ಹಾಕಿದ ಖುಷಿಯಲ್ಲಿ ತೂಕ ಹೆಚ್ಚಾಗಿ ಸ್ಟಾಕ್ ಒಳಗಿಂದ ಸೀಸ ಕೆರೆದು ತೆಗೀತಾ ಕೂತವರನ್ನ ನೋಡಿದೀನಿ, ಮ್ಯಾಚ್ ದಿನ ಬೆಳಿಗ್ಗೆ.

ಪಟ್ಟಿಬಿಗಿ:
ಬೈಪಾಡ್ ಮೇಲೆ ಇಟ್ಟು ಕೆಳಗೆ ಮೂಟೆ ಕೊಟ್ಟು ಹೊಡೆಯೋದೂ ಒಂದು ಶೂಟಿಂಗಾ 😄 ತೋಳಿಗೆ ಸ್ಲಿಂಗ್ ಪಟ್ಟಿ ಬಿಗಿದು ಸ್ಕೋಪ್ ಇಲ್ದೆ ಕಬ್ಬಿಣದ ಸೈಟಲ್ಲಿ ಹೊಡೀರಿ ನೋಡಣ.

ಹಳೇಕುದುರೆ:
ಬಂದಾ ನೋಡಪ್ಪ. 1860ರಲ್ಲಿ ವಿಂಬಲ್ಡನ್ ಬಯಲಲ್ಲಿ ಇಂಗ್ಲೆಂಡಿನ ರೈಫಲ್ ಅಸೋಸಿಯೇಷನ್ನಿನ ಮೊದಲ ಕೂಟಕ್ಕೆ ಮೊದಲ ಗುಂಡು ಹಾರಿಸಿದ್ದು ವಿಕ್ಟೋರಿಯಾ ರಾಣಿ, ವಿಟ್ವರ್ತ್ ರೈಫಲನ್ನ ಸ್ಟ್ಯಾಂಡಿಗೆ ಕಚ್ಚಿಸಿ ಗುರಿ ಕೂಡಿಸಿ ಇಟ್ಟಿದ್ರು, ಆಕೆ ಎಳೆದದ್ದು ಬರೀ ಒಂದು ದಾರ, 400 ಗಜ, ಬುಲ್ ನಡುವಿಗೇ ಹೋಯ್ತು. ರಾಣಿಗೆ ಹೋಗಿ ಹೇಳು ಇದು ಶೂಟಿಂಗ್ ಅಲ್ಲ ಅಂತ. ಎಫ್-ಕ್ಲಾಸ್ ಹುಟ್ಟಿದ್ದೇ ಕೆನಡಾದ ಫಾರ್ಕರ್ಸನ್ ಅನ್ನೋ ಹಿರಿಯರಿಂದ, ವಯಸ್ಸಾಗಿ ಸ್ಲಿಂಗು ಕಬ್ಬಿಣದ ಸೈಟು ಆಗಲ್ಲ ಅಂದಾಗ ಸ್ಕೋಪು ಆಸರೆ ಇಟ್ಕೊಂಡು ಆಟ ಬಿಡದೆ ಮುಂದುವರಿಸಿದ್ರು, ಎಫ್ ಅನ್ನೋದು ಅವರ ಹೆಸರಿಂದಲೇ ಬಂದದ್ದು. ನಿಂಗೂ ವಯಸ್ಸಾಗುತ್ತೆ ಮಾರಾಯ.

ಲೆಕ್ಕದಮೇಷ್ಟ್ರು:
ಹೊಸಬರೇ, ಸ್ಕೋಪ್ ಬದಲಾಯಿಸ್ಬೇಡಿ ಅನ್ನೋದಕ್ಕೆ ನನ್ನದೂ ಹೂಂ, ಆದ್ರೆ ಒಂದು ವಿಷಯ ಇವತ್ತೇ ನೋಡ್ಕೊಳ್ಳಿ. ನಿಮ್ಮ ಬುಲೆಟ್ ಸೆಕೆಂಡಿಗೆ 2600 ಅಡಿ ಆಸುಪಾಸು ಹೊರಟ್ರೆ 100 ಗಜದ ಜೀರೋಯಿಂದ (ಅಲ್ಲಿಗೆ ಗುರಿ ಕೂಡಿಸಿಟ್ಟ ಜಾಗದಿಂದ) 1000 ಗಜಕ್ಕೆ ಹತ್ತಿರ ಹತ್ತಿರ 38ರಿಂದ 40 ಮಿನಿಟ್ ಮೇಲೆ ಡಯಲ್ ಮಾಡ್ಬೇಕು. ಸ್ಕೋಪಿನ ಒಟ್ಟು ಓಟ 60 ಮಿನಿಟ್ ಇದ್ರೆ ನಡುವಿಂದ ಮೇಲಕ್ಕೆ ಸಿಗೋದು ಅರ್ಧ, 30. ಅಂದ್ರೆ 1000 ಗಜದಲ್ಲಿ ಟರೆಟ್ (ಸ್ಕೋಪ್ ಮೇಲಿನ ತಿರುಗಿಸೋ ಗುಬ್ಬಿ) ಗೋಡೆಗೆ ಬಡಿದು ನಿಂತ್ಬಿಡುತ್ತೆ. ಕೆಳಗೆ 20 ಮಿನಿಟ್ ಇಳಿಜಾರಿನ ಬೇಸ್ ಇದ್ಯಾ ನೋಡಿ. ಇದ್ರೆ ಸರಿ, ಇಲ್ಲಾಂದ್ರೆ ದುಡ್ಡು ಅದಕ್ಕೆ ಹಾಕಿ, ಬೈಪಾಡಿಗಲ್ಲ.

ಎರಡನೇದು ಲೆವೆಲ್. ಸ್ಕೋಪ್ ಮೇಲೆ ಸಣ್ಣ ಗುಳ್ಳೆಯ ಲೆವೆಲ್ ಇರುತ್ತಲ್ಲ, ಎಷ್ಟೋ ಜನಕ್ಕೆ ಅದು ಅಲಂಕಾರ. ಲೆಕ್ಕ ಹಾಕಿ ನೋಡಿ: ರೈಫಲ್ ಒಂದೇ ಒಂದು ಡಿಗ್ರಿ ಬಲಕ್ಕೆ ವಾಲಿದ್ರೂ 38 ಮಿನಿಟ್ ಡಯಲ್ ಮಾಡಿದಾಗ ಗುಂಡು 0.66 ಮಿನಿಟ್ ಬಲಕ್ಕೆ ಹೋಗುತ್ತೆ, 1000 ಗಜದಲ್ಲಿ ಒಂದು ಮಿನಿಟ್ ಅಂದ್ರೆ 10.47 ಇಂಚು, ಅಲ್ಲಿಗೆ ಏಳು ಇಂಚು. ಹತ್ತರ ರಿಂಗಿನ ಪೂರ್ತಿ ಅಗಲ 10 ಇಂಚು, ಅಂದ್ರೆ ನಡುವಿಂದ ಅಂಚಿಗೆ ಬರೀ ಐದು. ಒಂದು ಡಿಗ್ರಿ ಕಣ್ಣಿಗೆ ಕಾಣೋದೇ ಇಲ್ಲ ಸ್ವಾಮಿ. ಐದು ಡಿಗ್ರಿ ವಾಲಿದ್ರೆ ಹತ್ತಿರ ಹತ್ತಿರ ಮೂರಡಿ. ನೀವು ಗಾಳಿನ ಬೈಕೊಂಡು ಮನೆಗೆ ಹೋಗ್ತೀರಿ, ತಪ್ಪು ಗಾಳಿದಲ್ಲ.

ಹೊಸಬ308:
ಮೇಷ್ಟ್ರೇ ಬೇಸ್ ನೋಡ್ದೆ, 20 ಅಂತ ಕೆತ್ತಿದೆ, ಬಚಾವ್. ಲೆವೆಲ್ ಇದೆ ಆದ್ರೆ ನಿಜ ಹೇಳ್ಬೇಕಂದ್ರೆ ಈವರೆಗೆ ಅದನ್ನ ನೋಡಿ ಹೊಡೆದಿಲ್ಲ 🙈 ಆಪ್‌ನಲ್ಲಿ ಲೆಕ್ಕ ಹಾಕಿದ್ರೆ 1000 ಗಜಕ್ಕೆ 41 ಬರ್ತಿದೆ, ನೀವು ಹೇಳಿದ್ದಕ್ಕಿಂತ ಜಾಸ್ತಿ, ಯಾವುದನ್ನ ನಂಬ್ಲಿ?

ಲೆಕ್ಕದಮೇಷ್ಟ್ರು:
ಎರಡನ್ನೂ ನಂಬ್ಬೇಡಿ, ಆದ್ರೆ ಹವಾಮಾನದ ಪ್ರೆಶರ್ ಎಲ್ಲಿಂದ ತಗೊಂಡ್ರಿ?

ಹೊಸಬ308:
ಫೋನಿನ ವೆದರ್ ಆಪ್‌ನಿಂದ.

ಲೆಕ್ಕದಮೇಷ್ಟ್ರು:
ಅಲ್ಲೇ ಇದೆ ಕಳ್ಳ. ವೆದರ್ ಆಪ್ ಕೊಡೋದು ಸಮುದ್ರಮಟ್ಟಕ್ಕೆ ಸರಿಹೊಂದಿಸಿದ ಪ್ರೆಶರ್. ಗುಂಡು ಹಾರೋದು ನೀವು ಮಲಗಿರೋ ಎತ್ತರದ ಗಾಳಿಯಲ್ಲಿ, ಅಲ್ಲಿನ ನಿಜವಾದ ಪ್ರೆಶರ್‌ಗೆ ಸ್ಟೇಷನ್ ಪ್ರೆಶರ್ ಅಂತಾರೆ, ಎತ್ತರದ ಜಾಗ ಆದ್ರೆ ಇದು ಅದಕ್ಕಿಂತ ಎಷ್ಟೋ ಕಡಿಮೆ. ಸಮುದ್ರಮಟ್ಟದ ಅಂಕಿನ ಸ್ಟೇಷನ್ ಪ್ರೆಶರ್ ಅಂತ ತುಂಬಿದ್ರೆ ಆಪ್ ಪಾಪ ಗಾಳಿ ದಪ್ಪ ಇದೆ ಅನ್ಕೊಂಡು ಜಾಸ್ತಿ ಎಲಿವೇಷನ್ ಕೊಡುತ್ತೆ, ನಿಮ್ಮ ಸೈಟರ್ ಟಾರ್ಗೆಟ್ ತಲೆ ಮೇಲೆ ಹಾರಿ ಹೋಗುತ್ತೆ. ನನಗೇ ಆಗಿದೆ, ಎರಡು ಸೈಟರೂ ಕಾಣೆ, ಎಲ್ಲಿ ಬಿತ್ತು ಅಂತ ಯಾರಿಗೂ ಗೊತ್ತಿಲ್ಲ, ಮೂರನೇದನ್ನ ಲೆಕ್ಕಕ್ಕೆ ಕುರುಡಾಗಿ ಹೊಡೀಬೇಕಾಯ್ತು, ಗಣಿತ ಓದಿದವನಿಗೆ ಅದಕ್ಕಿಂತ ಅವಮಾನ ಇಲ್ಲ. ಹಾಗೇ ಬ್ಯಾಲಿಸ್ಟಿಕ್ ಕೋಎಫಿಷಿಯಂಟ್ (ಬುಲೆಟ್ ಗಾಳಿನ ಎಷ್ಟು ಚೆನ್ನಾಗಿ ಸೀಳುತ್ತೆ ಅನ್ನೋ ಅಂಕಿ, ಜಿ1 ಜಿ7 ಅಂತ ಎರಡು ಅಳತೆ ಇದೆ) ಜಿ1 ಅಂಕಿನ ಜಿ7 ಜಾಗದಲ್ಲಿ ಹಾಕಿಲ್ಲ ತಾನೆ? ಹಿಂಭಾಗ ಸಣ್ಣಗಾಗೋ ಬೋಟ್‌ಟೇಲ್ ಬುಲೆಟ್ಟಿಗೆ ಜಿ7 ಹೊಂದುತ್ತೆ, ಅದರ ಅಂಕಿ ಜಿ1ರ ಅರ್ಧದ ಹತ್ತಿರ ಇರುತ್ತೆ, ಅಷ್ಟರಿಂದಲೇ ಗುರುತು ಹಿಡೀಬಹುದು.

ನೆಲಗಡಲಿ:
ಮೇಷ್ಟ್ರು ಹೇಳೋದೆಲ್ಲಾ ಖರೆ ಐತ್ರಿ, ಆದ್ರ ಆಪ್ ಹಿಡ್ಕೊಂಡು ಕುಂತ್ರ ಆಗೂದಿಲ್ಲ. ಒಂದು ನೋಟ್‌ಬುಕ್ ಇಡ್ರಿ. ಪ್ರತಿ ಗುಂಡಿಗೂ ಮೂರು ಬರೀರಿ: ಕುದುರಿ ಎಳದಾಗ ರೆಟಿಕಲ್ (ಸ್ಕೋಪಿನೊಳಗಿನ ಗೆರಿ) ಎಲ್ಲಿತ್ತು, ಗುಂಡು ಎಲ್ಲಿ ಬಿತ್ತು, ಗಾಳಿಗೆ ಅಂತ ಗುರಿ ಎಷ್ಟ ಪಕ್ಕಕ್ಕ ಹಿಡದಿದ್ರಿ. ಮೊದಲನೇದ್ದನ್ನ, ಗುರುತು ಹಾಕಿದ ಟಾರ್ಗೆಟ್ ಮ್ಯಾಲ ಬರೂಕಿಂತ ಮೊದಲ ಬರೀಬೇಕು, ಇಲ್ಲಂದ್ರ ಮನಸ್ಸು ಸುಳ್ಳ ಹೇಳ್ತೈತಿ, ನಾನು ಎಡಕ್ಕ ಎಳದಿದ್ದೆ ಅಂತ. ಖರೆ ನೀವು ಎಳದಿರಂಗಿಲ್ಲ, ಗಾಳಿ ಒಯ್ದಿರತೈತಿ. ಈ ಎರಡು ಬ್ಯಾರೆ ಮಾಡಾಕ ಬರಲಿಲ್ಲ ಅಂದ್ರ ಹತ್ತ ವರ್ಷ ಹೊಡದ್ರೂ ಅಷ್ಟ.

ಗಾಳಿಪಟ:
ಇಷ್ಟು ಹೊತ್ತು ಸುಮ್ನಿದ್ದೆ, ಗಾಳಿ ಅಂದ್ರಲ್ಲ ಈಗ ತಡೆಯೋಕಾಗಲ್ಲ. ಉದ್ದ ಆಗುತ್ತೆ, ಕ್ಷಮಿಸಿ.

ನಿಮ್ಮ .308ಕ್ಕೆ 1000 ಗಜದಲ್ಲಿ ಗಂಟೆಗೆ 10 ಮೈಲಿಯ ಪೂರ್ತಿ ಅಡ್ಡ ಗಾಳಿ ಸುಮಾರು 10 ಮಿನಿಟ್ ತಳ್ಳುತ್ತೆ. ಅಂದ್ರೆ ಒಂದು ಮೈಲಿಗೆ ಒಂದು ಮಿನಿಟ್, ಹತ್ತು ಇಂಚು ಚಿಲ್ಲರೆ. ಮೇಷ್ಟ್ರು ಹೇಳಿದ ಐದು ಇಂಚಿನ ಜೊತೆ ಇದನ್ನ ಇಟ್ಟು ನೋಡಿ, ಗಾಳಿಯ ಅಂದಾಜು ಅರ್ಧ ಮೈಲಿ ತಪ್ಪಿದ್ರೆ ಹತ್ತರ ಅಂಚಿಗೆ ಬಂದ್ರಿ, ಒಂದು ಮೈಲಿ ತಪ್ಪಿದ್ರೆ ಒಂಬತ್ತರ ಅಂಚು. ಗಂಟೆಗೆ ಅರ್ಧ ಮೈಲಿ ಗಾಳಿ ಅಂದ್ರೆ ಕೆನ್ನೆಗೂ ಗೊತ್ತಾಗಲ್ಲ. ನಿಮ್ಮ ರೈಫಲ್ ಅರ್ಧ ಮಿನಿಟಿಂದ ಕಾಲು ಮಿನಿಟಿಗೆ ಬಂದ್ರೂ ಇದರ ಮುಂದೆ ಏನೂ ಅಲ್ಲ. ಅದಕ್ಕೇ ಹಳೇಕುದುರೆ ಏನೂ ತಗೋಬೇಡ ಅಂದಿದ್ದು, ಅವರು ಮಾತು ಕಡಿಮೆ, ನಾನು ವಿವರಿಸ್ತೀನಿ ಅಷ್ಟೆ.

ದಿಕ್ಕು: 3 ಗಂಟೆ 9 ಗಂಟೆ ಕಡೆಯಿಂದ ಬಂದ್ರೆ ಪೂರ್ತಿ. ಓರೆ 45 ಡಿಗ್ರಿ ಬಂದ್ರೆ ಅರ್ಧ ಅಂತ ತುಂಬಾ ಜನ ಹಿಡೀತಾರೆ, ತಪ್ಪು, ಅದು ನೂರಕ್ಕೆ 70 ಪಾಲು. ಅರ್ಧ ಆಗೋದು 30 ಡಿಗ್ರಿಗೆ. ಎದುರಿಂದ ಅಥವಾ ಬೆನ್ನಿಂದ ಬರೋ ಗಾಳಿ ಸೊನ್ನೆ ಅಂತ ನೆಮ್ಮದಿಯಾಗಿ ಇರ್ಬೇಡಿ, ಅದೇ ಅತಿ ಮೋಸದ್ದು, 12 ಗಂಟೆ ಗಾಳಿ ಚೂರು ಬಾಲ ಅಲ್ಲಾಡಿಸಿದ್ರೆ ಎಡದಿಂದ ಬಲಕ್ಕೆ ಬದಲಾಗುತ್ತೆ, ನೀವು ಎರಡೂ ಕಡೆ ಒಂಬತ್ತು ಎಂಟು ಚೆಲ್ಲಾಡ್ತೀರಿ.

ಬಾವುಟ ನೋಡಿ, ಆದ್ರೆ ಬಾವುಟ ತಡವಾಗಿ ಹೇಳುತ್ತೆ, ಅದರಲ್ಲೂ ಒದ್ದೆ ಬಾವುಟ ಸುಳ್ಳು ಹೇಳುತ್ತೆ. ಬಿಸಿಲಿದ್ರೆ ಬಿಸಿಲ್ಗುದುರೆ ನೋಡಿ. ಸ್ಪಾಟಿಂಗ್ ಸ್ಕೋಪ್ ಟಾರ್ಗೆಟ್ ಮೇಲೆ ಫೋಕಸ್ ಮಾಡಿ, ಆಮೇಲೆ ಫೋಕಸನ್ನ ಸ್ವಲ್ಪ ಹತ್ತಿರಕ್ಕೆ ತಿರುಗಿಸಿ, ಟಾರ್ಗೆಟ್ ಮಂಕಾಗುತ್ತೆ, ಅದರ ಮುಂದೆ ಸಣ್ಣ ಹೊಳೆ ಹರಿದಂಗೆ ಅಲೆ ಕಾಣುತ್ತೆ. ಓರೆಯಾಗಿ ಮೇಲಕ್ಕೆ ಹರಿದ್ರೆ ಮೆಲ್ಲನೆ ಗಾಳಿ, ಮಲಗಿ ಓಡಿದ್ರೆ ಜೋರು. ಇನ್ನೂ ಜೋರಾದ್ರೆ ಎಲ್ಲಾ ಒಂದೇ ಥರ ಮಲಗಿ ಓಡುತ್ತೆ, ಆಗ ವೇಗ ಹೇಳೋಕೆ ಇದರಿಂದ ಆಗಲ್ಲ, ಬಾವುಟಕ್ಕೆ ವಾಪಸ್. ಅನ್ನ ಕುದ್ದಂಗೆ ನೆಟ್ಟಗೆ ಮೇಲಕ್ಕೆ ಕುದೀತಿದ್ರೆ ಕೈ ತೆಗೀರಿ, ಹೊಡೀಬೇಡಿ, ಗಾಳಿ ಮಗ್ಗಲು ಬದಲಾಯಿಸೋಕೆ ಹೊರಟಿದೆ ಅಂತ ಅರ್ಥ. ಹಳೇಕುದುರೆಗೆ ಒಂದು ಕುದುರೆ, ಲಾಂಗ್ ರೇಂಜಿಗೆ ಎರಡು: ಒಂದು ಬೆರಳ ಕೆಳಗೆ, ಒಂದು ಬಿಸಿಲಲ್ಲಿ. ಜನ ಬೆರಳ ಕೆಳಗಿಂದಕ್ಕೆ ದುಡ್ಡು ಸುರೀತಾರೆ.

ಇನ್ನೊಂದು, ಗುಂಡು ನೆಲದ ಗುಂಟ ಹೋಗಲ್ಲ. 1000 ಗಜಕ್ಕೆ ಹೊಡೆದಾಗ ದಾರಿ ನಡುವೆ ಅದು ನೋಟದ ಗೆರೆಗಿಂತ ಎರಡಾಳು ಎತ್ತರದಲ್ಲಿರುತ್ತೆ, ಅಲ್ಲಿ ಗಾಳಿ ಹುಲ್ಲಲ್ಲಿರೋ ಗಾಳಿಗಿಂತ ಜೋರು. ಹುಲ್ಲು ನೋಡಿ ತೀರ್ಮಾನ ಮಾಡ್ಬೇಡಿ.

ಹೊಸಬ308:
ಅಯ್ಯೋ ಇಷ್ಟೆಲ್ಲಾ ಇದ್ಯಾ. ನನ್ನ ರೇಂಜಲ್ಲಿ ವಾರದ ದಿನ 300 ಗಜದ ಮೇಲೆ ತೆಗಿಯೋಲ್ಲ, ಗಾಳಿ ಅಭ್ಯಾಸ ಹೇಗೆ ಮಾಡೋದು ಮತ್ತೆ?

ಗಾಳಿಪಟ:
ಗುಂಡೇ ಬೇಡ. ಸ್ಪಾಟಿಂಗ್ ಸ್ಕೋಪ್ ತಗೊಂಡು ಬೇರೆಯವರು ಹೊಡೆಯೋವಾಗ ಹಿಂದೆ ಕೂತ್ಕೊಳ್ಳಿ. ಅವರು ಹೊಡೆಯೋ ಮೊದ್ಲು ನೀವು ಬಾಯಲ್ಲಿ ಅಂಕಿ ಹೇಳಿ, "ಎಡಕ್ಕೆ ಎರಡೂವರೆ". ಗುಂಡು ಬಿದ್ದ ಜಾಗ ನೋಡಿ ನೀವು ಎಷ್ಟು ತಪ್ಪಿದ್ರಿ ಬರ್ಕೊಳ್ಳಿ. ಒಂದು ಮಧ್ಯಾಹ್ನಕ್ಕೆ ನೂರು ಗುಂಡಿನ ಅನುಭವ, ಒಂದು ಪೈಸೆ ಖರ್ಚಿಲ್ಲ. 300ರಲ್ಲಿ ಹೊಡೆಯೋದಾದ್ರೆ .22 ರೈಫಲ್ ಇದ್ರೆ ತಗೊಂಡು ಹೋಗಿ 200ಕ್ಕೆ ಹೊಡೀರಿ, ಪುಟ್ಟ ನಿಧಾನದ ಗುಂಡು, ಗಾಳಿ ಅದನ್ನ ಎಲೆ ಥರ ಆಡಿಸುತ್ತೆ.

ನೆಲಗಡಲಿ:
ಮನ್ಯಾಗ ಖಾಲಿ ಹೊಡೆಯೋ ಅಭ್ಯಾಸನೂ ಮಾಡ್ರಿ. ಮದ್ದು ಗುಂಡು ಎಲ್ಲಾ ಬ್ಯಾರೆ ಖೋಲ್ಯಾಗ ಇಡ್ರಿ, ಚೇಂಬರ್ ಎರಡು ಸಲ ಬೆರಳ ಹಾಕಿ ನೋಡ್ರಿ, ಆಮ್ಯಾಲೆ. ಚಾಪಿ ಮ್ಯಾಲ ಮಲಗಿ ಗುರಿ ಕೂಡಿಸ್ರಿ, ಕಣ್ಣ ಮುಚ್ಚಿ ಎರಡು ಉಸಿರ ತಗೊಂಡು ಬಿಡ್ರಿ, ಕಣ್ಣ ತಗೀರಿ. ರೆಟಿಕಲ್ ಪಕ್ಕಕ್ಕ ಹೋಗಿದ್ರ ನಿಮ್ಮ ಮೈ ಅದನ್ನ ಜಗ್ಗಾಕತ್ತೈತಿ ಅಂತ. ಕೈಲೆ ತಳ್ಳಿ ಸರಿ ಮಾಡಬ್ಯಾಡ್ರಿ, ಹೊಟ್ಟಿ ಸೊಂಟ ಸರಿಸ್ರಿ, ಬೈಪಾಡ್ ಕಾಲು ಸರಿಸ್ರಿ. ದಿನಕ್ಕ ಹದಿನೈದ ನಿಮಿಷ ಸಾಕು.

ಹೊಸಬ308:
ಇನ್ನೊಂದು ಭಯ ಇದೆ, ಮ್ಯಾಚ್ ದಿನ ಏನು ಎತ್ತ ಗೊತ್ತಿಲ್ಲ. ಪಿಟ್ ಡ್ಯೂಟಿ ಅಂತ ಹಾಕಿದಾರೆ ನನಗೆ, ಅಲ್ಲಿ ಏನ್ ಮಾಡ್ಬೇಕು? ನಗ್ತಾರಾ?

ಪಟ್ಟಿಬಿಗಿ:
ಇದಕ್ಕೆ ನಾನು ಸೀರಿಯಸ್ಸಾಗೇ ಹೇಳ್ತೀನಿ, ಪಿಟ್ಟಲ್ಲಿ ನಾನು ಕಳೆದಷ್ಟು ಗಂಟೆ ಇಲ್ಲಿ ಯಾರೂ ಕಳೆದಿಲ್ಲ. ಟಾರ್ಗೆಟ್ ಕೆಳಗೆ ಮಣ್ಣಿನ ಗೋಡೆ ಹಿಂದೆ ನಿಂತಿರ್ತೀರಿ, ತಲೆ ಮೇಲೆ ಗುಂಡು ಸೀಳ್ಕೊಂಡು ಹೋದಾಗ ಚಾಟಿ ಹೊಡೆದಂಗೆ ಪಟ್ ಅನ್ನುತ್ತೆ. ಆ ಪಟ್ ಕೇಳಿದ ಕೂಡ್ಲೇ ಕಣ್ಣು ನಿಮ್ಮ ಟಾರ್ಗೆಟ್ ಹಿಂದಿನ ಮಣ್ಣಿನ ಮೇಲೆ, ಧೂಳು ಎದ್ರೆ ನಿಮ್ಮದೇ. ಇಳಿಸಿ, ತೂತಿಗೆ ಬಿಲ್ಲೆ ಸಿಕ್ಕಿಸಿ, ಹಳೇ ತೂತಿಗೆ ಚೀಟಿ ಅಂಟಿಸಿ, ಸ್ಕೋರ್ ಗುರುತು ಜಾಗಕ್ಕೆ ಹಾಕಿ ಎತ್ತಿ. ಹಳಬರು ಹತ್ತು ಸೆಕೆಂಡಲ್ಲಿ ಮುಗಿಸ್ತಾರೆ. ನೀವು ನಿಧಾನ ಮಾಡಿದ್ರೆ ಮೇಲೆ ಮಲಗಿರೋನಿಗೆ ಗಾಳಿ ಬದಲಾಗಿಹೋಗುತ್ತೆ, ಅವನ ಶಾಪ ನಿಮಗೆ ತಟ್ಟುತ್ತೆ. ಕಿವಿಗೆ ಮಫ್ ಅಲ್ಲೂ ಬೇಕು. ನಗಲ್ಲ ಯಾರೂ, ಕೇಳಿದ್ರೆ ಕಲಿಸ್ತಾರೆ. ನಿಯಮದ ಪುಸ್ತಕ ಮಾತ್ರ ಓದ್ಕೊಂಡು ಹೋಗಿ, ಟೈಮು ಸೈಟರ್ ಎಲ್ಲಾ ಮ್ಯಾಚಿಂದ ಮ್ಯಾಚಿಗೆ ಬೇರೆ. ಬೋಲ್ಟ್ ತೆಗೆದಿರ್ಬೇಕು, ಚೇಂಬರ್ ಖಾಲಿ ಅಂತ ತೋರಿಸೋ ಚೇಂಬರ್ ಫ್ಲ್ಯಾಗ್ ಇರ್ಬೇಕು, "ಸೀಸ್ ಫೈರ್" ಅಂದ ಕ್ಷಣ ಬೆರಳು ಹೊರಗೆ, ಅದನ್ನ ಯಾರು ಕೂಗಿದ್ರು ಅಂತ ನೋಡೋಕೆ ಹೋಗ್ಬೇಡಿ. ಸ್ಕೋರ್ ಕೆಟ್ಟದು ಬಂದ್ರೆ ನಾಳೆ ಮರೀತಾರೆ, ಸೇಫ್ಟಿಲಿ ಎಡವಿದ್ರೆ ಮುಖ ನೆನಪಿಟ್ಕೋತಾರೆ.

ಹಳೇಕುದುರೆ:
ಇನ್ನೊಂದು. ಟಾರ್ಗೆಟ್ ನಂಬರ್. ಪ್ರತಿ ಗುಂಡಿಗೂ ಸ್ಕೋಪ್ ಒಳಗೆ ನಂಬರ್ ಬೋರ್ಡ್ ನೋಡಿ ಬಾಯಲ್ಲಿ ಹೇಳ್ಕೊಂಡೇ ಬೆರಳು ಒಳಗೆ. ಪಕ್ಕದವನ ಟಾರ್ಗೆಟ್ಟಿಗೆ ಹೊಡೆದ್ರೆ ನಿಂಗೆ ಸೊನ್ನೆ. ಹೊಸಬರಿಗೆ ಮಾತ್ರ ಅಂದ್ಕೋಬೇಡ, 1874ರಲ್ಲಿ ನ್ಯೂಯಾರ್ಕಿನ ಕ್ರೀಡ್ಮೂರಲ್ಲಿ ಅಮೆರಿಕ ಐರ್ಲೆಂಡ್ ತಂಡಗಳು ಇದೇ ನಿನ್ನ 800, 900, 1000 ಗಜದಲ್ಲೇ ಹೊಡೆದಾಗ ಐರಿಷ್ ತಂಡದ ಮಿಲ್ನರ್ ಬುಲ್ಲಿಗೇ ಹೊಡೆದ, ಆದ್ರೆ ಬೇರೆ ಟಾರ್ಗೆಟ್ಟಿನ ಬುಲ್ಲಿಗೆ. ಅಮೆರಿಕ 934, ಐರ್ಲೆಂಡ್ 931. ಬರೀ ಮೂರು ಪಾಯಿಂಟ್. 2004ರ ಅಥೆನ್ಸ್ ಒಲಿಂಪಿಕ್ಸಲ್ಲಿ ಮ್ಯಾಟ್ ಎಮನ್ಸ್ 50 ಮೀಟರ್ ಫೈನಲಲ್ಲಿ ಮುಂದಿದ್ದೋನು ಕೊನೇ ಗುಂಡನ್ನ ಪಕ್ಕದ ಟಾರ್ಗೆಟ್ಟಿಗೆ ಹೊಡೆದು ಎಂಟನೇ ಜಾಗಕ್ಕೆ ಬಿದ್ದ. 130 ವರ್ಷ ಆದ್ರೂ ಮನುಷ್ಯನ ಕಣ್ಣು ಅದೇ.

ಲೆಕ್ಕದಮೇಷ್ಟ್ರು:
ಕ್ರೋನೋಗ್ರಾಫ್ (ಗುಂಡಿನ ವೇಗ ಅಳೆಯೋ ಯಂತ್ರ) ಸಿಕ್ಕಿದ್ರೆ ಒಂದ್ಸಲ ಇಪ್ಪತ್ತು ಗುಂಡು ಅಳೀರಿ. ಅತಿ ವೇಗದ್ದಕ್ಕೂ ಅತಿ ನಿಧಾನದ್ದಕ್ಕೂ ಸೆಕೆಂಡಿಗೆ 30 ಅಡಿ ವ್ಯತ್ಯಾಸ ಇದ್ರೆ 1000 ಗಜದಲ್ಲಿ ಮೇಲೆ ಕೆಳಗೆ ಸುಮಾರು ಹತ್ತು ಇಂಚು ಹರಡುತ್ತೆ, 100 ಗಜದಲ್ಲಿ ಇದು ಕಾಣೋದೇ ಇಲ್ಲ. ಮತ್ತೆ ಬಿಸಿ ಚೇಂಬರಲ್ಲಿ ಗುಂಡು ತುಂಬಿ ಗಾಳಿಗೆ ಕಾಯ್ತಾ ಮಲಗ್ಬೇಡಿ, ಮದ್ದು ಬಿಸಿಯಾಗಿ ವೇಗ ಏರಿ ಗುಂಡು ಮೇಲೆ ಬೀಳುತ್ತೆ. ಕಾಯೋದಾದ್ರೆ ಬೋಲ್ಟ್ ತೆಗೆದು ಕಾಯಿರಿ.

ಪಟ್ಟಿಬಿಗಿ:
ಹಿಂದಿನ ರಾತ್ರಿ ಬ್ಯಾರಲ್ ಫಳಫಳ ತೊಳೀಬೇಡಿ ಅಂತಾನೂ ಸೇರಿಸಿ. ತೊಳೆದ ಬ್ಯಾರಲಿನ ಮೊದಲ ಗುಂಡುಗಳು ಎಲ್ಲೋ ಹೋಗುತ್ತೆ, ಇರೋದೇ ಎರಡು ಸೈಟರ್.

ಹೊಸಬ308 (ಮ್ಯಾಚ್ ಮುಗಿದ ಮೇಲೆ):
ಬಂದೆ ಬಂದೆ. ಕೈ ಇನ್ನೂ ನಡುಗ್ತಿದೆ, ಸುಸ್ತಿಗೋ ಖುಷಿಗೋ ಗೊತ್ತಿಲ್ಲ. 800ರಲ್ಲಿ 150ಕ್ಕೆ 139, 900ರಲ್ಲಿ 133, 1000ದಲ್ಲಿ 118. ಕೆಳಗಿಂದ ನಾಲ್ಕನೇ ಜಾಗ, ಯಾರೂ ನಗಲಿಲ್ಲ.

800 ಚೆನ್ನಾಗೇ ಹೋಯ್ತು, ಪ್ರೆಶರ್ ಸರಿ ತುಂಬಿದ್ದಕ್ಕೆ ಮೊದಲ ಸೈಟರ್ರೇ ಒಂಬತ್ತು, ಮೇಷ್ಟ್ರಿಗೆ ಅಲ್ಲೇ ಮನಸ್ಸಲ್ಲಿ ಕೈ ಮುಗಿದೆ. 900ರಲ್ಲಿ ಏಳನೇ ಗುಂಡಿಗೆ ಉಸಿರು ಹಿಡ್ಕೊಂಡು ಇನ್ನೇನು ಎಳೀಬೇಕು ಅನ್ನೋವಾಗ ನನ್ನ ಟಾರ್ಗೆಟ್ ತಾನಾಗೇ ಕೆಳಗಿಳೀತು, ನಾನು ಹೊಡೆದೇ ಇಲ್ಲ! ಎರಡು ಸೆಕೆಂಡ್ ಅರ್ಥ ಆಗ್ಲಿಲ್ಲ, ಬೋಲ್ಟ್ ತೆಗೆದು ಕೈ ಎತ್ತಿದೆ. ಪಕ್ಕದವರು ನನ್ನದಕ್ಕೆ ಹೊಡೆದಿದ್ರು, ಅದೂ ಹತ್ತರ ಒಳಗಿನ ನಟ್ಟನಡು ಎಕ್ಸ್ ರಿಂಗಿಗೆ, ಇಪ್ಪತ್ತು ವರ್ಷದಿಂದ ಹೊಡೀತಿರೋರು. ಮಲಗಿದಲ್ಲೇ ತಲೆ ಚಾಪೆಗೆ ಇಟ್ಬಿಟ್ರು ಪಾಪ. ಅಲ್ಲಿಂದ ಆಚೆ ನಾನು ನಂಬರನ್ನ ಮಂತ್ರದ ಥರ ಗೊಣಗ್ತಾ ಇದ್ದೆ, ಹಿಂದೆ ಕೂತ ಸ್ಕೋರರ್ ಏನಂದ್ರಿ ಏನಂದ್ರಿ ಅಂತಿದ್ರು.

1000ದಲ್ಲಿ ಮೊದಲ ಆರು ಗುಂಡು ಗಡಿಬಿಡೀಲಿ ಹೊಡೆದೆ, ಏಳು ಎಂಟು ಆರು ಅಂತ ಜಾತ್ರೆ. ಆಮೇಲೆ ಸ್ಪಾಟಿಂಗ್ ಸ್ಕೋಪ್ ನೋಡಿದ್ರೆ ಗಾಳಿಪಟ ಹೇಳಿದಂಗೆ ಅನ್ನ ಕುದೀತಿದೆ. ಬೋಲ್ಟ್ ತೆಗೆದು ಸುಮ್ನೆ ಮಲಗಿದೆ. ಅರ್ಧ ನಿಮಿಷ, ನಿಜವಾಗ್ಲೂ ಒಂದು ಗಂಟೆ ಅನ್ನಿಸ್ತು, ಬಲಗಡೆ ಇರೋರೆಲ್ಲಾ ಹೊಡೀತಾ ಇದಾರೆ. ಅಲೆ ನಿಧಾನಕ್ಕೆ ಬಾಗಿ ಎಡದಿಂದ ಬಲಕ್ಕೆ ಹರಿಯೋಕೆ ಶುರು ಮಾಡ್ತು, ಗಾಳಿಗೆ ಅಂತ ಗುರಿ ಎರಡು ಮಿನಿಟ್ ಪಕ್ಕಕ್ಕೆ ಹಿಡಿದು ಬಿಟ್ಟೆ, ಒಂಬತ್ತು. ಮತ್ತೆ ಹಂಗೇ, ಹತ್ತು. ನೋಟ್‌ಬುಕ್ಕಲ್ಲಿ ಆ ಪುಟದ ಅಂಚಲ್ಲಿ "ಕುದೀತಿದ್ರೆ ಕಾಯಿ" ಅಂತ ಬರೆದಿದೀನಿ, ಅಕ್ಷರ ನಂದೇ ಅಂತ ಗುರುತೇ ಸಿಗ್ತಿಲ್ಲ.

ಗಾಳಿಪಟ:
ಆ ಅರ್ಧ ನಿಮಿಷ ಕಾಯೋಕೆ ನಂಗೆ ಮೂರು ವರ್ಷ ಹಿಡೀತು ಗುರುವೇ. ಕೊನೇ ಒಂಬತ್ತು ಗುಂಡಿಂದು ಬೇರೆ ಕೂಡಿ ನೋಡಿ.

ಹೊಸಬ308:
ಕೂಡಿದೆ, 90ಕ್ಕೆ 78. ಮೊದಲ ಆರು ಬರೀ 40.

ನೆಲಗಡಲಿ:
ಆ ಪುಟ ಹರೀಬ್ಯಾಡ್ರಿ.

ಹೊಸಬ308:
ಇಲ್ರಿ. ಅಂದ ಹಾಗೆ ಒಂದು ತಪ್ಪೊಪ್ಪಿಗೆ ಇದೆ, ಆ ಅಗಲ ಕಾಲಿನ ಬೈಪಾಡ್ ನಾನು ಇಲ್ಲಿ ಕೇಳೋ ಮುಂಚೆನೇ ಆರ್ಡರ್ ಮಾಡ್ಬಿಟ್ಟಿದ್ದೆ. ಬಂತು, ಡಬ್ಬಿ ಒಡೆದಿಲ್ಲ, ಯಾರಿಗಾದ್ರೂ ಬೇಕಾ?

ಹಳೇಕುದುರೆ:
ತೂಕ ಎಷ್ಟಿದೆ ಅದು?